ಕಿವಿಗೆ ಕುತ್ತು

ನನಗೆ ನಲವತ್ತೊಂದು ತುಂಬಿದ ಮೇಲೆ, ದಿಂಡಿಗಲ್ಲಿನ ಒಂದು ಮದುವೆ ಮಂಟಪದಲ್ಲಿ, ನೆಂಟರಿಷ್ಟರೆಲ್ಲರ ಎದುರಿಗೆ, ನಮ್ಮವ್ವ ನನ್ನ ಕೆನ್ನೆಗೆ ಬಾರಿಸಿದಳು. ನಾನು ಕುಡಿದಿರಲಿಲ್ಲ. ಯಾರನ್ನೂ ಬೈದಿರಲಿಲ್ಲ. ಎರಡು ಕಿವಿಗೂ ಹತ್ತಿ ಇಟ್ಟುಕೊಂಡು ಊಟದ ಪಂಕ್ತಿಗೆ ಕಾಯುತ್ತಿದ್ದೆ, ಅಷ್ಟೆ.

“ಬದ್ಕಿರೋನ್ಗೆ ಯಾಕ್ಲಾ ಪಂಜು?” ಅಂತ ಕಿರುಚಿದಳು. “ಒಳ್ಳೆ ಕಾರ್ಯದಾಗೆ ಹೆಣದಂಗೆ ಕೂತವ್ನೆ! ನಾನಿನ್ನೂ ಉಸ್ರಾಡ್ತಾ ಇವ್ನಿ ಕಣ್ಲಾ, ನನ್ ಕಣ್ಮುಂದೆ ಇಂಗೆ ಮಡೀಕತೀಯಾ?”

ಪಂಜು ಅಂದರೆ ನಮ್ಮ ಮನೆಮಾತಿನಲ್ಲಿ ಹತ್ತಿ. ತಮಿಳಿನಿಂದ ಬಂದು ನಮ್ಮಲ್ಲೇ ಉಳಿದುಬಿಟ್ಟ ಮಾತು. ನಮ್ಮ ಕಡೆ ಹೆಣಕ್ಕೆ ಸ್ನಾನ ಮಾಡಿಸಿದ ಮೇಲೆ ಮೂಗಿಗೂ ಕಿವಿಗೂ ಹತ್ತಿ ಇಡುತ್ತಾರೆ. ಬದುಕಿರುವವರು ಇಟ್ಟುಕೊಂಡರೆ ಸಾವನ್ನು ಕರೆದಂತೆ. ಅದರಲ್ಲೂ ಮದುವೆ ಮನೆಯಲ್ಲಿ, ಅದರಲ್ಲೂ ಹೆತ್ತ ತಾಯಿಯ ಎದುರಿಗೆ. ಸುತ್ತ ಇದ್ದವರೆಲ್ಲ ಅವ್ವನ ಪರ. ಒಬ್ಬ ಅಜ್ಜಿಯಂತೂ ನನ್ನ ಕಿವಿಯಿಂದ ಹತ್ತಿಯನ್ನು ತಾನೇ ಕಿತ್ತು ಹೊರಗೆ ಎಸೆದು, ಕೈ ತೊಳೆದುಕೊಂಡು ಬಂದಳು.

ಆ ಮಂಟಪದ ಊಟದ ಹಾಲಿನ ಬಾಗಿಲ ಪಕ್ಕ ಹಾಡಿನ ನಾಲ್ಕು ಸ್ಪೀಕರ್ ಬಾಕ್ಸುಗಳನ್ನು ಆಳೆತ್ತರಕ್ಕೆ ಒಂದರ ಮೇಲೊಂದು ಪೇರಿಸಿದ್ದರು. ಅದರ ಎದುರಿಗೆ ಎಲೆ ಹಾಕಿದ್ದರು. ಅನ್ನ ಬಡಿಸುವವನು ಸಾಂಬಾರು ಬೇಕಾ ರಸ ಬೇಕಾ ಅಂತ ಬೆರಳು ತೋರಿಸಿ ಕೇಳುತ್ತಿದ್ದ. ಬಾಕ್ಸಿನಿಂದ ಎರಡು ಮಾರು ದೂರದಲ್ಲಿ ಒಂದು ಕೈಗೂಸು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅದು ನಿದ್ದೆ ಅಲ್ಲ, ಮಗು ಸುಸ್ತಾಗಿ ಕಣ್ಣು ಮುಚ್ಚಿದ್ದು ಅಂತ ನನಗೆ ಗೊತ್ತು, ಯಾಕೆಂದರೆ ನಾನು ಸ್ಟೇಜಿನ ಮೇಲಿಂದ ಅಂಥ ನೂರು ಕೂಸುಗಳನ್ನು ನೋಡಿದ್ದೇನೆ. ಆ ಬಾಕ್ಸು ಅಲ್ಲಿಟ್ಟವನ ಕೆನ್ನೆಗೆ ಯಾರೂ ಹೊಡೆಯಲಿಲ್ಲ. ಹೊಡೆತ ಬಿದ್ದದ್ದು ಹತ್ತಿ ಇಟ್ಟುಕೊಂಡವನಿಗೆ. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ನಾನು ಹದಿನೈದು ವರ್ಷ ಹಾಡಿನ ತಂಡದಲ್ಲಿ ಪ್ಯಾಡ್ ಬಾರಿಸಿದವನು. ಪ್ಯಾಡ್ ಅಂದರೆ ಕಡ್ಡಿಯಲ್ಲಿ ಬಾರಿಸುವ ಕರೆಂಟಿನ ಡ್ರಮ್ಮು. ವೇದಸಂದೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ್ದು, ಈಗ ಓಡೈಪಟ್ಟಿಯಲ್ಲಿ ಒಂದಿಷ್ಟು ದ್ರಾಕ್ಷಿ ಚಪ್ಪರ ಇಟ್ಟುಕೊಂಡು ಅವ್ವನ ಜೊತೆ ಇದ್ದೇನೆ. ಎಷ್ಟೋ ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದು ನೆಲ ಹಿಡಿದ ಕನ್ನಡದ ಒಕ್ಕಲು ಮನೆತನ ನಮ್ಮದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಮ್ಮಲ್ಲಿ ಯಾರಿಗೂ ಬಾರದು. ನಾನು ಕಲಿತದ್ದು ಕೊಳ್ಳೇಗಾಲದ ಕಡೆ ತಂಡದ ಜೊತೆ ಹೋದಾಗ, ಅಂಗಡಿ ಬೋರ್ಡುಗಳನ್ನು ಓದಿ ಓದಿ. ಆಮೇಲೆ ಹಳೆ ಪೇಪರು, ಸಿಕ್ಕಿದ ಪುಸ್ತಕ. ಕಿವಿ ಕೈಕೊಟ್ಟ ಮೇಲೆ ಓದು ಹೆಚ್ಚಾಯಿತು. ಓದುವುದಕ್ಕೆ ಕಿವಿ ಬೇಕಿಲ್ಲವಲ್ಲ.

ಪ್ಯಾಡ್ ಬಾರಿಸುವವನ ಎಡಕ್ಕೆ ಒಂದು ಮಾನಿಟರ್ ಬಾಕ್ಸು ಇಡುತ್ತಾರೆ, ತಾನು ಬಾರಿಸಿದ್ದು ತನಗೇ ಕೇಳಲಿ ಅಂತ. ಹದಿನೈದು ವರ್ಷ ಅದು ನನ್ನ ಎಡಗಿವಿಯ ಪಕ್ಕದಲ್ಲೇ ಕೂತಿತ್ತು. ಮೊದಮೊದಲು ಕಚೇರಿ ಮುಗಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುವುದು, ಮರುದಿನ ಮಧ್ಯಾಹ್ನಕ್ಕೆ ನಿಲ್ಲುವುದು. ಆಮೇಲೆ ಎರಡು ದಿನ, ಮೂರು ದಿನ. ಒಂದು ಸಲ ಶುರುವಾದದ್ದು ನಿಲ್ಲಲೇ ಇಲ್ಲ. ಇದನ್ನು ಬರೆಯುವಾಗಲೂ ಕೂಗುತ್ತಿದೆ. ತೇನಿಯ ಕಿವಿ ಡಾಕ್ಟರು ಹಾಳೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಎಡಗಿವಿಯದು ಅರ್ಧ ದೂರ ಹೋಗಿ ದಡಕ್ಕನೆ ಕೆಳಗೆ ಬಿದ್ದಿತ್ತು. ಒಳಗಿನ ಸಣ್ಣ ನರದ ಕೂದಲು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಬಲಗಿವಿಯನ್ನಾದರೂ ಉಳಿಸಿಕೊಳ್ಳಿ ಅಂದರು. ಅವತ್ತೇ ಪ್ಯಾಡ್ ಬಿಟ್ಟೆ.

ನನ್ನ ಕೋಪ ಬರೀ ಊರಿನವರ ಮೇಲೆ ಅಂದುಕೊಳ್ಳಬೇಡಿ. ನಮ್ಮ ತಂಡದಲ್ಲಿ ಒಬ್ಬ ವಯಸ್ಸಾದ ಡೋಲಕ್ಕಿನವರಿದ್ದರು. ಸ್ಟೇಜು ಹತ್ತುವ ಮೊದಲು ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಂಡೆ ಮಾಡಿ ಎರಡು ಕಿವಿಗೂ ಒತ್ತಿಕೊಳ್ಳುವರು. ಅವರಿಗೆ ‘ಹೆಣ’ ಅಂತ ಅಡ್ಡಹೆಸರು. ಹೆಣ ಬಂತಾ, ಹೆಣಕ್ಕೆ ಟೀ ಕೊಟ್ರಾ ಅಂತ ಇಡೀ ತಂಡ ಆಡಿಕೊಳ್ಳುತ್ತಿತ್ತು. ಆ ಹೆಸರು ಕಟ್ಟಿದವನು ನಾನೇ. ಮೂರು ವರ್ಷದ ಹಿಂದೆ ದಿಂಡಿಗಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಎಪ್ಪತ್ತು ದಾಟಿದೆ. ಅಷ್ಟು ಗಲಾಟೆಯೊಳಗೆ, ಬಸ್ಸಿನ ಆ ಬದಿಯಲ್ಲಿ ಕಂಡಕ್ಟರು ಕೂಗಿದ ಊರಿನ ಹೆಸರನ್ನು ಅವರೇ ಕೇಳಿ ನನಗೆ ಹೇಳಬೇಕಾಯಿತು. ನಾನು ತಲೆ ತಗ್ಗಿಸಿ, ಆ ಅಡ್ಡಹೆಸರಿನ ವಿಷಯ ಎತ್ತಿ, ತಪ್ಪಾಯಿತು ಅಂದೆ. ಅವರು ನಕ್ಕರು. ಹತ್ತಿ ಇದ್ದರೂ ನೀನು ಇಟ್ಟ ಹೆಸರು ನನಗೆ ಚೆನ್ನಾಗಿಯೇ ಕೇಳುತ್ತಿತ್ತಪ್ಪ ಅಂತ ತಮಿಳಿನಲ್ಲಿ ಹೇಳಿ ಬಸ್ಸು ಹತ್ತಿದರು. ನಾನು ಅಲ್ಲೇ ನಿಂತಿದ್ದೆ, ನನ್ನ ಬಸ್ಸು ಹೊರಟುಹೋಯಿತು.

ಅವ್ವನದೂ ಇದೇ ಕತೆ. ಅವಳು ವೇದಸಂದೂರಿನ ಕಡೆ ನೂಲಿನ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವಳು. ಆ ಮಿಷಿನ್ನುಗಳ ನಡುವೆ ಪಕ್ಕದವಳ ಮಾತು ಕೇಳುವುದಿಲ್ಲ, ಬಾಯಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಕಿವಿಗೆ ತುರುಕಿಕೊಳ್ಳಲು ದಾರ ಕಟ್ಟಿದ ರಬ್ಬರಿನ ಬಿರಡೆ ಕೊಟ್ಟಿದ್ದರಂತೆ. ಸಾಹೇಬರು ನೋಡಲು ಬರುವ ದಿನ ಹಾಕಿಕೊಳ್ಳಿ ಅನ್ನುವರು, ಮಿಕ್ಕ ದಿನ ಕೇಳುವವರಿಲ್ಲ. ನಮ್ಮ ಹೆಂಗಸರು ಆ ದಿನವೂ ಹಾಕಿಕೊಳ್ಳುತ್ತಿರಲಿಲ್ಲ. ಹೆಣದ ಹಾಗೆ ಕಿವಿ ಮುಚ್ಚಿಕೊಂಡು ಹೊಟ್ಟೆಪಾಡಿನ ಜಾಗದಲ್ಲಿ ನಿಲ್ಲುವುದೇ ಅಂತ, ಬಿರಡೆ ತೆಗೆದು ಊಟದ ಡಬ್ಬಿಗೆ ಹಾಕಿಕೊಂಡು ಬರುವರು. ನಾನೂ ತಂಗಿಯೂ ಚಿಕ್ಕವರಿದ್ದಾಗ ಆ ಬಿರಡೆಗಳನ್ನು ಬಾವಿಗೆ ಎಸೆದು ಆಡಿದ್ದೇವೆ. ಈಗ ಅವ್ವನ ಜೊತೆ ಮಾತಾಡಬೇಕಾದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚಬೇಕು. ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಇಲ್ಲ.

ಕೆನ್ನೆಗೆ ಬಿದ್ದ ಮೇಲೆ ನಾನು ಜಾಣನಾದೆ ಅಂದುಕೊಂಡೆ. ಸಂಗೀತದವರು ಹಾಕಿಕೊಳ್ಳುವ ಒಂದು ಬಗೆಯ ಬಿರಡೆ ಬರುತ್ತದೆ, ನೀರಿನ ಬಣ್ಣದ್ದು, ಕಿವಿಯೊಳಗೆ ಹೋದರೆ ಹೊರಗೆ ಕಾಣದು. ಸದ್ದನ್ನು ಪೂರ್ತಿ ನುಂಗುವುದಿಲ್ಲ, ತಗ್ಗಿಸಿ ಕೊಡುತ್ತದೆ. ಅದನ್ನು ತರಿಸಿಕೊಂಡೆ. ಮದುವೆಗೋ ಹಬ್ಬಕ್ಕೋ ಹೊರಡುವಾಗ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಕಳ್ಳನ ಹಾಗೆ ಕಂಬದ ಮರೆಗೆ ಹೋಗಿ ಹಾಕಿಕೊಂಡು ಬರುತ್ತಿದ್ದೆ. ನಲವತ್ತು ದಾಟಿದ ಗಂಡಸು, ಸಿಗರೇಟು ಮುಚ್ಚಿಡುವ ವಯಸ್ಸಿನಲ್ಲೂ ಮಾಡದ ಕಳ್ಳತನವನ್ನು ಕಿವಿಗಾಗಿ ಮಾಡಿದೆ.

ಹೀಗಿರುವಾಗ ತಂಗಿಯ ಮಗಳ ಕಿವಿ ಚುಚ್ಚುವುದು ಗೊತ್ತಾಯಿತು.

ತಂಗಿಯನ್ನು ಕೊಂಬೈಗೆ ಕೊಟ್ಟಿದ್ದೇವೆ. ಮಗುವಿಗೆ ಮೂರು ವರ್ಷ. ನಮ್ಮಲ್ಲಿ ಮಗುವನ್ನು ತಾಯಿಯ ಅಣ್ಣನೋ ತಮ್ಮನೋ ತೊಡೆಯ ಮೇಲೆ ಕೂರಿಸಿಕೊಂಡು ಕೈ ಹಿಡಿದುಕೊಳ್ಳಬೇಕು, ಚಿನ್ನದ ಕೆಲಸದ ಆಚಾರಿ ಕಿವಿ ಚುಚ್ಚಬೇಕು. ತಾಯಿಮಾವನ ತೊಡೆ ಇಲ್ಲದೆ ಸೂಜಿ ಇಲ್ಲ. ತಾಯಿಮಾವ ಸುಮ್ಮನೆ ಬರುವಂತೆಯೂ ಇಲ್ಲ. ತಟ್ಟೆಗಳಲ್ಲಿ ಸೀರೆ, ಹಣ್ಣು, ಓಲೆ, ಬೆಲ್ಲ ಹೊರಿಸಿಕೊಂಡು, ವಾದ್ಯದೊಂದಿಗೆ ಮೆರವಣಿಗೆಯಲ್ಲಿ ಬರಬೇಕು. ಅದಕ್ಕೆ ಸೀರು ಅನ್ನುತ್ತಾರೆ. ಈಗೀಗ ಸೀರಿನ ಅಳತೆ ತಟ್ಟೆಯಲ್ಲಿಲ್ಲ, ಬಾಕ್ಸಿನಲ್ಲಿದೆ. ಯಾವ ಮಾವನ ಸೀರಿಗೆ ಎಷ್ಟು ಬಾಕ್ಸು ಬಂತು, ಯಾರ ಸೀರಿಗೆ ಕಿಟಕಿ ಗಾಜು ಅದುರಿತು ಅಂತ ಆಮೇಲೆ ವರ್ಷಗಟ್ಟಲೆ ಮಾತಾಡುತ್ತಾರೆ.

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮೇಲೆ ದಪ್ಪಕ್ಷರದಲ್ಲಿ ತಮಿಳಿನಲ್ಲಿ ಕಾದುಕುತ್ತು ಅಂತ ಇತ್ತು. ನಾವು ಮನೆಯಲ್ಲೂ ಹಾಗೇ ಅನ್ನುವುದು. ತಮಿಳಿನಲ್ಲಿ ಕಾದು ಅಂದರೆ ಕಿವಿ, ಕುತ್ತು ಅಂದರೆ ಚುಚ್ಚುವುದು. ನನಗೆ ಮಾತ್ರ, ಕನ್ನಡ ಓದಲು ಕಲಿತ ತಪ್ಪಿಗೆ, ಆ ಎರಡನೇ ಮಾತು ಬೇರೆ ಥರ ಕೇಳಿಸಿತು. ಕನ್ನಡದಲ್ಲಿ ಕುತ್ತು ಅಂದರೆ ಅಪಾಯ. ಕಿವಿಗೆ ಕುತ್ತು, ತಾವೆಲ್ಲರೂ ಸಕುಟುಂಬ ಬಂದು ಹರಸಬೇಕು. ಇದನ್ನು ನಕ್ಕು ಹೇಳೋಣವೆಂದರೆ ನಮ್ಮಲ್ಲಿ ಅರ್ಥವಾಗುವವರು ಒಬ್ಬರೂ ಇರಲಿಲ್ಲ. ಒಬ್ಬನೇ ಕೂತು ಸಿಟ್ಟು ಮಾಡಿಕೊಂಡೆ.

ಮಾತಾಡಿ ಬರೋಣವೆಂದು ಕೊಂಬೈಗೆ ಹೋದೆ. ತಂಗಿಯ ಗಂಡನನ್ನು ನಾವು ಮಾಪ್ಳೆ ಅನ್ನುವುದು, ಹೆಣ್ಣು ಕೊಟ್ಟ ಮನೆಯ ಅಣ್ಣನನ್ನು ಅವರು ಮಚ್ಚಾ ಅನ್ನುವುದು. ಮಾಪ್ಳೆ ಒಳ್ಳೆಯವನೇ, ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಅಣ್ಣನದು. ಬಾಕ್ಸು ಬೇಡ, ನಾಗಸ್ವರ ಒಂದು ಸಾಕು ಅಂದೆ. ಅಣ್ಣ ಅಡಿಕೆ ಅಗಿಯುತ್ತಾ ನನ್ನನ್ನೇ ನೋಡಿದ.

“ತಾಯ್ಮಾಮನ್ ಸೀರು ಸತ್ ಮನೆಯಂಗೆ ಬರ್ಬಾರ್ದು ಮಚ್ಚಾ. ನಾಕು ಊರ್ಗೆ ಕೇಳ್ಬೇಕು.”

“ನಾಕು ಊರ್ಗೆ ಏನ್ ಕೇಳ್ಬೇಕು? ಕೂಸಿನ ಕಿವಿಗೆ ಓಲೆ ಹಾಕೋದು ನಾಕು ಊರ್ಗೆ ಯಾಕೆ?”

“ನೀನೇ ಬಾಕ್ಸ್ ಮುಂದೆ ಕೂತು ಸೋರು ತಿಂದೋನು,” ಅಂದ. ಸೋರು ಅಂದರೆ ಅನ್ನ. 

ತಂಗಿಯೂ ನನ್ನ ಪರ ಬರಲಿಲ್ಲ. “ಅಣ್ಣಾ, ನಿನ್ ಕಿವಿ ಓಯ್ತು ಅಂತ ಊರೆಲ್ಲ ಪಿಸ್ಗುಟ್ಕಂಡು ಇರ್ಬೇಕಾ?” ಅಂದಳು. ನಾನು ರೇಗಿದೆ. ಅವಳು ಅತ್ತಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬಾಕ್ಸು ಇರಲಿ. ಆದರೆ ಮಗುವಿಗೆ ನಾನು ಕಿವಿ ಮುಚ್ಚುವ ಗವಸು ತರುತ್ತೇನೆ, ತಲೆಯ ಮೇಲಿಂದ ಪಟ್ಟಿ ಬರುವಂಥದ್ದು, ಮಕ್ಕಳ ಅಳತೆಯದು. ಅದನ್ನು ಅವಳು ಮಂಟಪದಲ್ಲಿ ಹಾಕಿಕೊಂಡೇ ಇರಬೇಕು. ಮಾಪ್ಳೆಯ ಅಣ್ಣ ನಕ್ಕು, ಹಾಕು, ವಿಮಾನ ಓಡಿಸೋಳ ಥರ ಚೆಂದ ಕಾಣ್ತಾಳೆ ಅಂದ.

ಗವಸು ಬಂತು. ಹಳದಿ ಬಣ್ಣ. ಮಗು ಅದನ್ನು ಟೋಪಿ ಅಂತ ಕರೆದು ಮನೆಯೆಲ್ಲ ಹಾಕಿಕೊಂಡು ಓಡಾಡಿತು. ನಾನು ಬೀಗಿದೆ. ಆ ಗವಸು ಮುಚ್ಚುವುದು ಕಿವಿಯನ್ನು, ಆಚಾರಿ ಚುಚ್ಚಬೇಕಾದ್ದೂ ಅದೇ ಕಿವಿಯನ್ನು ಅನ್ನುವುದು ನನ್ನ ಮೂರ್ಖ ತಲೆಗೆ ಹೊಳೆದದ್ದು ಹಿಂದಿನ ದಿನ. ಮತ್ತೆ ಫೋನು, ಮತ್ತೆ ಜಗಳ. ಗವಸು ತೆಗೆದಿರುವಷ್ಟು ಹೊತ್ತು ಸದ್ದು ನಿಲ್ಲಬೇಕು, ನಾನು ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮಾಪ್ಳೆಯ ಅಣ್ಣನಿಂದ ಮಾತು ತೆಗೆದುಕೊಂಡೆ. ರೇಡಿಯೋ ಸೆಟ್ಟಿನವನಿಗೂ ಹೇಳಿದೆ. ನಮ್ಮ ಕಡೆ ಮೈಕು, ಬಾಕ್ಸು ಬಾಡಿಗೆಗೆ ಕೊಡುವವನನ್ನು ಹಾಗೆ ಕರೆಯುತ್ತಾರೆ. ಅವನು ನನ್ನ ಹಳೆ ಪರಿಚಯ. ಆಗಲಿ ಅಣ್ಣೇ ಅಂದ.

ಆ ದಿನ ಬೆಳಿಗ್ಗೆ ಸೀರು ಹೊರಟಾಗಲೇ ನಾನು ನನ್ನ ನೀರಿನ ಬಣ್ಣದ ಬಿರಡೆಗಳನ್ನು ಹಾಕಿಕೊಂಡಿದ್ದೆ. ಇದನ್ನು ಇಲ್ಲಿ ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೀದಿಯಲ್ಲಿ ಬಾಕ್ಸು ಕಟ್ಟಿದ ಟ್ರ್ಯಾಕ್ಟರು ಮುಂದೆ, ತಟ್ಟೆ ಹೊತ್ತ ಹೆಂಗಸರು ಹಿಂದೆ, ನಡುವೆ ಮಾಲೆ ಹಾಕಿಕೊಂಡ ನಾನು. ಮಂಟಪಕ್ಕೆ ಬಂದೆವು. ಮಗು ರೇಷ್ಮೆ ಲಂಗ ಉಟ್ಟು, ಹಳದಿ ಗವಸು ಹಾಕಿಕೊಂಡು ಕುಣಿಯುತ್ತಿತ್ತು. ಸ್ಟೇಜಿನ ಮೇಲೆ ಚಾಪೆ ಹಾಸಿದ್ದರು. ಕೂತೆ. ಮಗುವನ್ನು ತೊಡೆಯ ಮೇಲೆ ಕೂರಿಸಿದರು. ಆಚಾರಿ ಎದುರಿಗೆ ಕೂತು ತಟ್ಟೆಯಲ್ಲಿ ಸೂಜಿ, ಚಿನ್ನದ ತಂತಿ ಇಟ್ಟುಕೊಂಡರು. ನಾನು ಕೈ ಎತ್ತಿದೆ. ಸದ್ದು ನಿಂತಿತು. ನಾನೇ ಗವಸು ತೆಗೆದೆ. ಆಚಾರಿ ಎರಡು ಕಿವಿಯ ತುದಿಗೂ ಮಸಿಯಲ್ಲಿ ಚುಕ್ಕೆ ಇಟ್ಟು, ಕೈ ಗಟ್ಟಿಯಾಗಿ ಹಿಡ್ಕೊಳಿ, ಕೊಸರಿದರೆ ಸೂಜಿ ತಪ್ಪುತ್ತೆ ಅಂದರು. ಬಿರಡೆಯ ಒಳಗಿಂದ ಅವರ ತುಟಿ ನೋಡಿ ಅರ್ಥ ಮಾಡಿಕೊಂಡೆ. ಬಿರಡೆ ತೆಗೆಯಬೇಕಿತ್ತು. ಮರೆತಿದ್ದೆ. ಮಗುವಿನ ಎರಡು ಮಣಿಕಟ್ಟನ್ನೂ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅವಳ ತಲೆಯನ್ನು ನನ್ನ ಎದೆಗೆ ಒತ್ತಿಕೊಂಡೆ.

ನಮ್ಮ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುತ್ತಾರೆ. ಆ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದು ಅಂತ ಎಲ್ಲವನ್ನೂ ಮುಳುಗಿಸುವ ಸದ್ದು. ಮಾಪ್ಳೆಯ ಅಣ್ಣ ಅದನ್ನು ಇಲ್ಲಿಗೂ ತಂದಿದ್ದ. ಸೂಜಿ ಹಾಕುವಾಗ ಮಗು ಅಳುತ್ತದೆ, ಅಳು ಕೇಳಿಸಬಾರದು, ಅದಕ್ಕೆ ಆ ಹೊತ್ತಿಗೇ ಸದ್ದು ಜೋರಾಗಬೇಕು. ನನಗೆ ಕೊಟ್ಟ ಮಾತಿನ ನೆನಪು ಅವನಿಗೆ ಇತ್ತಂತೆ. ಆಮೇಲೆ ಅವನೇ ಹೇಳಿದ: ಒಂದೇ ನಿಮಿಷ ತಾನೇ ಮಚ್ಚಾ. ವೀಡಿಯೋದಲ್ಲಿ ಚೆನ್ನಾಗಿ ಬರಲಿ ಅಂತ ಒಂದು ಬಾಕ್ಸನ್ನು ಸ್ಟೇಜಿನ ಕಡೆಗೇ ತಿರುಗಿಸಿಯೂ ಇದ್ದ. ರೇಡಿಯೋ ಸೆಟ್ಟಿನವನಿಗೆ ಕಣ್ಣು ಮಿಟುಕಿಸಿದ.

ನನಗೆ ಎದೆಯಲ್ಲಿ ಗುಮ್ಮೆಂದಿತು. ಅಷ್ಟೇ. ಎಡಗಿವಿ ಹೇಗೂ ಸತ್ತದ್ದು, ಬಲಗಿವಿಗೆ ಬಿರಡೆ. ಹದಿನೈದು ವರ್ಷ ಆ ಗುಮ್ಮನ್ನು ಎದೆಯಲ್ಲಿ ಹೊತ್ತವನಿಗೆ ಅದು ಹೊಸದೂ ಅಲ್ಲ. ಯಾವುದೋ ಹಾಡು ಹಾಕಿದರು ಅಂತ ಗೊತ್ತಾಯಿತು, ಸಿಟ್ಟೂ ಬಂತು, ಬೇಗ ಚುಚ್ಚಿ ಮುಗಿಸಲಿ ಅಂದುಕೊಂಡೆ. ಮಗು ಕೈ ಎಳೆದುಕೊಂಡಿತು. ಸೂಜಿ ಬಂತು, ಹೆದರಿದಳು ಅಂತ ಇನ್ನಷ್ಟು ಬಿಗಿಯಾಗಿ ಹಿಡಿದೆ. ಮೂರು ವರ್ಷದ ಮಗುವಿಗೆ ಅಷ್ಟು ಶಕ್ತಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೇಲಕ್ಕೆ, ಮುಖದ ಕಡೆಗೆ, ಎರಡು ಕೈಗಳನ್ನೂ ಎಳೆಯುತ್ತಿದ್ದಳು. ನಾನು ಕೆಳಕ್ಕೆ ಎಳೆದು ಹಿಡಿದೆ. ಇಲ್ಲ ಕಂದಾ, ಆಯ್ತು ಕಂದಾ ಅನ್ನುತ್ತಾ ನಗುತ್ತಿದ್ದೆ ಕೂಡ. ಎದುರಿಗಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಹಾಡಿನ ಒಂದು ಚರಣ ಮುಗಿಯುವಷ್ಟು ಹೊತ್ತು ಹೀಗೆ ನಡೆಯಿತು.

ಆಮೇಲೆ ಆಚಾರಿಯನ್ನು ನೋಡಿದೆ. ಅವರು ಮಗುವನ್ನು ಮುಟ್ಟಿರಲಿಲ್ಲ. ಸೂಜಿ ತಟ್ಟೆಯಲ್ಲೇ ಇತ್ತು. ಅವರು ಎರಡು ಕೈಯಿಂದ ತಮ್ಮ ಕಿವಿ ಮುಚ್ಚಿಕೊಂಡು ಕೂತಿದ್ದರು.

ಅವಳು ಸೂಜಿಗೆ ಕೊಸರಿದ್ದಲ್ಲ. ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ್ದಳು. ಆ ಕೈಗಳನ್ನು ಹಿಡಿದು ಕೂತಿದ್ದವನು ನಾನು. ಯಾವನೋ ಕುಡುಕನಲ್ಲ, ಮಾಪ್ಳೆಯ ಅಣ್ಣನಲ್ಲ. ಇಡೀ ಮಂಟಪದಲ್ಲಿ ಕಿವಿಯ ಬೆಲೆ ಗೊತ್ತಿದ್ದ ಒಬ್ಬನೇ ಒಬ್ಬ, ತನ್ನ ಕಿವಿಯನ್ನು ಭದ್ರವಾಗಿ ಮುಚ್ಚಿಕೊಂಡು, ಅವಳ ಕೈಗಳನ್ನು ಹಿಡಿದಿದ್ದ.

ಮಗುವನ್ನು ಎತ್ತಿಕೊಂಡು ಎದ್ದೆ. ತಟ್ಟೆ ಕಾಲಿಗೆ ಸಿಕ್ಕಿ ಸೂಜಿ, ತಂತಿ ಚೆಲ್ಲಿದವು. ಸ್ಟೇಜಿನಿಂದ ಇಳಿದು, ಊಟದ ಹಾಲು ದಾಟಿ, ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಹೋದೆ. ತಾಯಿಮಾವ ಚುಚ್ಚುವ ಮೊದಲೇ ತೊಡೆಯಿಂದ ಎತ್ತಿಕೊಂಡು ಎದ್ದುಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ, ಸಂಬಂಧವೇ ಮುರಿದ ಹಾಗೆ. ಅಲ್ಲಿ ನಿಂತು ಬಿರಡೆ ಕಿತ್ತುಹಾಕಿದೆ. ಎರಡು ಗೋಡೆ ದಾಟಿದ ಮೇಲೂ ಆ ಸದ್ದು ನನ್ನ ಬಲಗಿವಿಗೆ ಹೊಡೆಯಿತು. ಸ್ಟೇಜಿನ ಮೇಲೆ ಅವಳಿಗೆ ಏನಾಗಿರಬಹುದು ಅಂತ ಆಗ ಗೊತ್ತಾಯಿತು. ಮಾಪ್ಳೆ ಓಡಿ ಬಂದ. ಅವನ ಅಣ್ಣನೂ ಬಂದ. ನಾನು ಏನೇನು ಅಂದೆನೋ, ಎಲ್ಲವನ್ನೂ ಇಲ್ಲಿ ಬರೆಯಲಾರೆ. ಅವರ ಮನೆಯ ಹಿರಿಯರನ್ನೂ ಬಿಡಲಿಲ್ಲ. ಮಾಪ್ಳೆ ನನ್ನ ಅಂಗಿಯ ಕಾಲರು ಹಿಡಿದ. ನಾನು ಅವನನ್ನು ತಳ್ಳಿದೆ. ಮಗು ನನ್ನ ಸೊಂಟದ ಮೇಲೆ ಎರಡು ಅಂಗೈಗಳನ್ನೂ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡಿತ್ತು.

ಅವ್ವ ಬಂದಳು. ಏನಾಯಿತೆಂದು ಅವಳಿಗೆ ಗೊತ್ತಿಲ್ಲ. “ಏನ್ಲಾ ಮಾಡ್ದೆ, ಒಳ್ಳೆ ಕಾರ್ಯಾನ ಕೆಡುಸ್ದೆಯಲ್ಲೋ” ಅಂತ ನನ್ನ ಮೇಲೇ ಕೈ ಎತ್ತಿದಳು. ಆಮೇಲೆ ಮಗುವನ್ನು ನೋಡಿದಳು. ಅವಳ ಎತ್ತಿದ ಕೈ ಹಾಗೇ ನಿಂತಿತು. ನಾನು ಅವಳ ಕಿವಿಗೆ ಬಾಯಿಟ್ಟು ಕಿರುಚಿ ಹೇಳಬೇಕೆಂದಿದ್ದೆ. ಬೇಕಾಗಲಿಲ್ಲ. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಬರೀ ಕಣ್ಣಿನಲ್ಲಿ ಮಾತು ಓದಿದವಳು ಅವಳು. ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸದ್ದು ಪಟ್ಟನೆ ನಿಂತಿತು. ವೈರು ಕಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

“ನಂಗೆ ಕೇಳ್ಸಾಕಿಲ್ಲ. ಅವ್ಳ್ಗೆ ಕೇಳ್ಸುತ್ತೆ,” ಅಂತ ಮಾಪ್ಳೆಯ ಅಣ್ಣನಿಗೆ ಹೇಳಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

ಕಿವಿ ಚುಚ್ಚಿದ್ದು ಅಲ್ಲೇ, ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕ. ತೊಡೆ ನನ್ನದು, ಮಗುವಿನ ಕೈ ಹಿಡಿದವಳು ಅವ್ವ. ಸೂಜಿ ಹೋದಾಗ ಮಗು ಅತ್ತಿತು, ಎಲ್ಲರಿಗೂ ಕೇಳಿಸಿತು. ಕೇಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಊಟಕ್ಕೆ ಅರ್ಧ ಜನ ಮುಖ ಊದಿಸಿಕೊಂಡು ಕೂತರು, ಇನ್ನರ್ಧ ಜನ ಚೆನ್ನಾಗಿಯೇ ತಿಂದರು.

ಸಂಜೆ ತಂಗಿಯ ಮನೆಯಲ್ಲಿ ಕೂತಿದ್ದೆವು.  ಮಗು ಹೊಸ ಓಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ತಲೆ ಎತ್ತಿ ಅಮ್ಮನನ್ನು ಕೇಳಿತು: “ಅಮ್ಮಾ, ವಿಸ್ಲು ಯಾರು ಊದ್ತಾ ಇದಾರೆ?”

“ಎಲ್ಲಿ? ಯಾರೂ ಊದ್ತಿಲ್ವಲ್ಲ,” ಅಂದಳು ತಂಗಿ. ಕುಕ್ಕರಿರಬೇಕು ಅಂತ ಒಳಗೆ ಹೋಗಿ ನೋಡಿ ಬಂದಳು. ಒಲೆಯ ಮೇಲೆ ಕುಕ್ಕರಿರಲಿಲ್ಲ. “ಊದ್ತಾವ್ರೆ,” ಅಂತ ಮಗು ಹಟ ಹಿಡಿಯಿತು. ಆ ವಿಸಿಲು ಯಾವುದು ಅಂತ ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೊರಗೆ ಬಂದು ಜಗಲಿಯ ಮೇಲೆ ಕೂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮರುದಿನ ತೇನಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಒಂದೇ ಸಲದ್ದಾದರೆ ಬಹಳ ಮಟ್ಟಿಗೆ ತಾನೇ ನಿಲ್ಲುತ್ತದೆ, ಕಾಯಿರಿ, ಗದ್ದಲದ ಹತ್ತಿರ ಬಿಡಬೇಡಿ ಅಂದರು. ಕಾದೆವು. ಓಡೈಪಟ್ಟಿಗೆ ಬಂದು ಚಪ್ಪರದ ಕೆಳಗೆ ಕತ್ತರಿ ಹಿಡಿದು ನಿಂತರೆ ಯಾವ ಕಡ್ಡಿ ಕತ್ತರಿಸಿದೆ, ಯಾವುದನ್ನು ಬಿಟ್ಟೆ ಅಂತ ತಿಳಿಯುತ್ತಿರಲಿಲ್ಲ. ನನ್ನ ಕಿವಿಯ ಕೂಗು ಕೇಳಿಸಿದಾಗಲೆಲ್ಲ ಅವಳದು ನೆನಪಾಗುವುದು. ನನ್ನದು ನಿಲ್ಲುವುದೇ ಇಲ್ಲವಲ್ಲ. ಮೂರನೇ ದಿನ ಬೆಳಿಗ್ಗೆ ತಂಗಿ ಫೋನು ಮಾಡಿದಳು. ಜಗಳದ ಮೇಲೆ ಅವಳಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

“ಅಣ್ಣಾ, ವಿಸ್ಲು ನಿಂತೋಯ್ತಂತೆ.”

ಕೈ ತೊಳೆಯದೆ ಬೈಕು ಹತ್ತಿದೆ. ಕೊಂಬೈ ಮುಟ್ಟುವವರೆಗೂ ನನ್ನ ಬಾಯಿ ನಗುತ್ತಿತ್ತು, ಬೈಯುತ್ತಲೂ ಇತ್ತು. ಮಗು ಬಾಗಿಲಲ್ಲೇ ನಿಂತಿತ್ತು. ನಾನು ಅವಳ ಬೆನ್ನ ಹಿಂದೆ ಹೋಗಿ, ನನ್ನಿಂದ ಆಗುವಷ್ಟು ಮೆಲ್ಲಗೆ, ಬರೀ ಉಸಿರಿನಲ್ಲಿ, ಅವಳ ಹೆಸರು ಕರೆದೆ. ತಿರುಗಿ ನೋಡಿದಳು. ಇನ್ನೂ ದೂರ ಹೋಗಿ ಕರೆದೆ. ಮತ್ತೆ ತಿರುಗಿದಳು. ನನಗೇ ಕೇಳಿಸದ ನನ್ನ ದನಿ ಅವಳಿಗೆ ಕೇಳಿಸುತ್ತಿತ್ತು. ಮಂಡಿಯೂರಿ ಅವಳ ಮುಂದೆ ಕೂತೆ.

“ಮಾಮನ್ಗೆ ಕೈ ಕೊಡವ್ವಾ,” ಅಂದೆ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು.